ಫಹಮೀದಾಳ ಪಾಲು

1999ನೇ ಇಸವಿ ಹುಟ್ಟಿದ್ದೇ ಹಿಮದಲ್ಲಿ. ಜನವರಿಯ ಮೊದಲ ವಾರ ಶಿಕಾಗೋ ಸುತ್ತಮುತ್ತ ಮೊಣಕಾಲು ಮುಚ್ಚುವಷ್ಟು ಬಿದ್ದಿತ್ತು. ವೆಸ್ಟ್‌ಮಂಟಿನ ಓಗ್ಡನ್ ಅವೆನ್ಯೂದಲ್ಲಿದ್ದ ತನ್ನ ಡ್ರೈಕ್ಲೀನಿಂಗ್ ಅಂಗಡಿಯ ಬಾಗಿಲಿಗೆ ದಾರಿ ಮಾಡಲು ಸಲಿಕೆ ಹಿಡಿದು ಹೋದ ಶೌಕತ್, ಹಿಮದ ಅಡಿಯಲ್ಲಿ ಗಾಜಿನಂತೆ ಕೂತಿದ್ದ ಮಂಜುಗಡ್ಡೆಯ ಮೇಲೆ ಕಾಲಿಟ್ಟು ಬಲಭುಜ ಕೆಳಗಾಗಿ ಬಿದ್ದ. ಮೂಳೆ ಬಿರುಕು ಬಿಟ್ಟಿದೆ, ಎರಡು ತಿಂಗಳು ಭಾರ ಎತ್ತುವ ಹಾಗಿಲ್ಲ ಎಂದರು ಡಾಕ್ಟರು. ಬಟ್ಟೆಯ ಬುಟ್ಟಿ ಎತ್ತದೆ, ಇಸ್ತ್ರಿಯ ಪ್ರೆಸ್ಸು ಎಳೆಯದೆ ಡ್ರೈಕ್ಲೀನಿಂಗ್ ಅಂಗಡಿ ನಡೆಸುವುದು ಹೇಗೆ?

ನಡೆಸಿದವಳು ಅವನ ಹೆಂಡತಿ ಫಹಮೀದಾ. ಅಲ್ಲಿಯವರೆಗೆ ಅವಳ ಜಾಗ ಕಿಟಕಿಯ ಪಕ್ಕದ ಹೊಲಿಗೆ ಯಂತ್ರ. ಪ್ಯಾಂಟಿನ ಉದ್ದ ಇಳಿಸುವುದು, ಸೊಂಟ ಸಡಿಲಿಸುವುದು, ಕೋಟಿನ ಅಸ್ತರು ಬದಲಿಸುವುದು ಅವಳ ಕೆಲಸ. ಈಗ ಕೌಂಟರೂ ಅವಳದೇ ಆಯಿತು. ಪ್ರೆಸ್ಸಿಗೆ ಕೂಲಿಯವರನ್ನು ಇಟ್ಟಳು. ಮಾರ್ಚ್ ಹೊತ್ತಿಗೆ ಶೌಕತನ ತೋಳು ಸರಿಹೋಯಿತು. ಆದರೆ ಆಸ್ಪತ್ರೆಯ ಬಿಲ್ಲು, ಕೂಲಿ, ಅಂಗಡಿ ಬಾಡಿಗೆ ಎಲ್ಲ ಸೇರಿ ಬ್ಯಾಂಕಿನ ಖಾತೆಯ ತಳ ಕೆರೆದಿದ್ದವು. ಇನ್ನೊಂದು ತಿಂಗಳು ಹೀಗೇ ಹೋಗಿದ್ದರೆ ಅಂಗಡಿಗೆ ಬೀಗವೇ ಗತಿಯಾಗಿತ್ತು. ತಾವು ಕೈಕಟ್ಟಿ ಕೂತ ದಿನ ತಮ್ಮ ಅನ್ನವೂ ಕೈಕಟ್ಟಿ ಕೂರುತ್ತದೆ ಎಂಬುದು ಫಹಮೀದಾಳಿಗೆ ಆ ಚಳಿಗಾಲದಲ್ಲಿ ಅರ್ಥವಾಯಿತು, ಮತ್ತು ಅರ್ಥವಾದದ್ದು ಆಮೇಲೆ ಮನಸ್ಸಿನಿಂದ ಇಳಿಯಲೇ ಇಲ್ಲ.

ಅವಳು ಬ್ಯಾಡಗಿಯವಳು. ತಂದೆ ದಸ್ತಗೀರಸಾಬ್ ಅಲ್ಲಿನ ಮೆಣಸಿನಕಾಯಿ ಪೇಟೆಯಲ್ಲಿ ರಾಚಯ್ಯ ಎಂಬವರ ಜೊತೆ ಪಾಲಿನಲ್ಲಿ ವ್ಯಾಪಾರ ಮಾಡುತ್ತಿದ್ದರು. ಭದ್ರಾವತಿಯ ಶೌಕತನನ್ನು ಮದುವೆಯಾಗಿ, ಮೊದಲ ಮಗುವಿನೊಂದಿಗೆ ಅಮೆರಿಕಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಹುದಾ ಎಂಬ ಹನ್ನೊಂದರ ಮಗಳು, ಸುಫಿಯಾನ್ ಎಂಬ ಏಳರ ಮಗ. ಮನೆಮಾತು ಉರ್ದು. ಆದರೆ ದುಡ್ಡಿನ ಮಾತು ಬಂದರೆ ಗಂಡ ಹೆಂಡತಿ ಇಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದರು. ಮಕ್ಕಳಿಗೆ ಕನ್ನಡ ಬಾರದು, ದೊಡ್ಡವರ ಚಿಂತೆ ಅವರ ಕಿವಿಗೆ ಬೀಳಬಾರದು ಎಂಬುದು ಇಬ್ಬರೂ ಬಾಯಿಬಿಟ್ಟು ಹೇಳದೆ ಮಾಡಿಕೊಂಡ ಒಪ್ಪಂದ.

ಹೊಲಿಗೆಯಲ್ಲಿ ಬಂದದ್ದು ಫಹಮೀದಾಳದೇ ಎಂದು ಶೌಕತ್ ಮೊದಲ ದಿನವೇ ಹೇಳಿಬಿಟ್ಟಿದ್ದ. ಅವಳು ಅದನ್ನು ಬೇರೆ ಖಾತೆಯಲ್ಲಿ ಕೂಡಿಡುತ್ತಿದ್ದಳು. ಬಡ್ಡಿ ಕೊಡುವ ಖಾತೆಯಲ್ಲಲ್ಲ. ಬಡ್ಡಿ ಅವರ ಧರ್ಮದಲ್ಲಿ ನಿಷಿದ್ಧ; ತಗೊಳ್ಳುವುದೂ ಇಲ್ಲ, ಕೊಡುವುದೂ ಇಲ್ಲ ಎಂಬುದು ಆ ಮನೆಯ ನಿಯಮ. ಹೀಗೆ ಒಂಬತ್ತು ವರ್ಷದ ದುಡಿಮೆ ಕೂತಲ್ಲೇ ಕೂತಿತ್ತು, ಬೆಳೆಯದೆ. ಹಾಲಿನ ಬೆಲೆ ಏರಿತು, ಬಾಡಿಗೆ ಏರಿತು, ಕಾಲೇಜಿನ ಫೀಸಂತೂ ಪೇಪರಿನಲ್ಲಿ ಓದಿದರೆ ತಲೆ ತಿರುಗುತ್ತಿತ್ತು. ಫಹಮೀದಾಳ ದುಡ್ಡು ಮಾತ್ರ ಹಾಕಿದಷ್ಟೇ. ಶೌಕತ್ ಭುಜದ ಪೆಟ್ಟಿನಿಂದ ಮಲಗಿದ್ದಾಗ ಅವಳು ಅದನ್ನು ತೆಗೆಯಲು ಹೋದರೆ ಅವನು ತಡೆದಿದ್ದ.

"ಅದು ಹುದಾ ಓದಿಗೆ ಇರ್ಲಿ. ಅದನ್ನ ಮುಟ್ಟಿದ್ರೆ ಮುಂದೆ ಸಾಲ ಮಾಡ್ಬೇಕಾಗುತ್ತೆ. ಸಾಲ ಅಂದ್ರೆ ಬಡ್ಡಿ."

ಶೌಕತನನ್ನು ನೋಡಲು ಬಂದವರಲ್ಲಿ ಮುಯೀನ್ ಒಬ್ಬ. ತುಮಕೂರಿನವನು, ಡೆಟ್ರಾಯಿಟ್ ಕಡೆ ಪ್ಲಿಮತ್‌ನಲ್ಲಿ ಪೆಟ್ರೋಲ್ ಬಂಕ್ ಇಟ್ಟಿದ್ದ. ಶಿಕಾಗೋಗೆ ಬಂದಾಗಲೆಲ್ಲ ಇವರ ಮನೆಯಲ್ಲೇ ಇಳಿಯುತ್ತಿದ್ದ. ದೊಡ್ಡ ನಗುವಿನ, ದೊಡ್ಡ ಕೈಯ ಮನುಷ್ಯ. ಎರಡನೇ ಬಂಕ್ ಕೊಳ್ಳಲು ಹೊರಟಿದ್ದ. ಬ್ಯಾಂಕಿನ ಸಾಲ ಬೇಡ, ನಮ್ಮವರೇ ಹತ್ತು ಜನ ಕೂಡಿದರೆ ಸಾಕು, ಹತ್ತು ಸಾವಿರ ಹಾಕಿದವರಿಗೆ ತಿಂಗಳಿಗೆ ನೂರು ಡಾಲರ್ ಲಾಭ ಎಂದ. ಅದೇ ವೇಳೆಗೆ ಭದ್ರಾವತಿಯ ಸೈಟೊಂದರಲ್ಲಿ ಶೌಕತನಿಗೆ ಬರಬೇಕಾದ ಪಾಲು ಮಾರಿ ಅಣ್ಣ ಕಳಿಸಿದ ಹಣ ಕೈಸೇರಿತ್ತು. ಶೌಕತನ ಕಣ್ಣು ಹೊಳೆಯಿತು. "ನಿನ್ನದನ್ನೂ ಹಾಕು. ಬೇಕಾದ್ರೆ ಕಣ್ಣಾರೆ ನೋಡ್ಕೊಂಡು ಬರೋಣ ಬಾ" ಎಂದ ಹೆಂಡತಿಗೆ.

ಏಪ್ರಿಲಿನ ಒಂದು ಭಾನುವಾರ ಮಕ್ಕಳನ್ನು ಪರಿಚಯದವರ ಮನೆಯಲ್ಲಿ ಬಿಟ್ಟು ಇಬ್ಬರೂ ಪ್ಲಿಮತ್‌ಗೆ ಹೊರಟರು. ಹೋಗುವುದಕ್ಕೇ ನಾಲ್ಕೂವರೆ ಗಂಟೆಯ ಡ್ರೈವ್. ಬಂಕ್ ನಿಜವಾಗಿಯೂ ಚೆನ್ನಾಗಿತ್ತು. ಕಾರುಗಳು ಬಂದವು, ಹೋದವು. ಒಳಗೆ ಕಾಫಿ, ಡೋನಟ್, ಲಾಟರಿ ಟಿಕೆಟ್ ಇಲ್ಲದ ಶುಭ್ರವಾದ ಕೌಂಟರ್. ಮುಯೀನ್ ಹಿಂದಿನ ಪುಟ್ಟ ಆಫೀಸಿನಲ್ಲಿ ಕೂರಿಸಿ ತಾನೇ ಕಾಫಿ ತಂದುಕೊಟ್ಟ. ಕೌಂಟರಿನಲ್ಲಿದ್ದವನು ಹೈದರಾಬಾದಿನವನು, ಉರ್ದು ಬಲ್ಲವನಾದ್ದರಿಂದ ಲೆಕ್ಕದ ಮಾತು ಇಲ್ಲೂ ಕನ್ನಡದಲ್ಲೇ ನಡೆಯಿತು.

ಎಲ್ಲ ಕೇಳಿಸಿಕೊಂಡು ಫಹಮೀದಾ ಒಂದೇ ಪ್ರಶ್ನೆ ಕೇಳಿದಳು. "ಮುಯೀನ್ ಭಾಯ್, ನಷ್ಟ ಆದ್ರ?"

ಮುಯೀನ್ ನಕ್ಕ. "ನಷ್ಟದ ಮಾತೇ ಇಲ್ಲ ಭಾಭಿ. ಕಾರು ಓಡೋವರೆಗೂ ಪೆಟ್ರೋಲ್ ಬೇಕೇ ಬೇಕು."

"ಅದ ಹೌದು. ಆದ್ರೂ ಒಂದ್ ತಿಂಗಳು ಲಾಭ ಬರ್ಲಿಲ್ಲ ಅಂದ್ರ?"

"ಬರ್ಲಿ ಬಿಡ್ಲಿ, ನಿಮ್ಮ ನೂರು ನಿಮಗೆ ಬಂದೇ ಬರುತ್ತೆ. ಅದು ನನ್ನ ಜವಾಬ್ದಾರಿ."

ಅವನು ಧೈರ್ಯ ತುಂಬಲೆಂದೇ ಆ ಮಾತು ಹೇಳಿದ್ದ. ಫಹಮೀದಾಳಿಗೆ ಮಾತ್ರ ಅದು ಸರಿಬೀಳಲಿಲ್ಲ. ಅವಳು ಹುಡುಗಿಯಾಗಿದ್ದಾಗ ಒಂದು ವರ್ಷ ಅಕಾಲದಲ್ಲಿ ಮಳೆ ಸುರಿದು ಪೇಟೆಯ ರಾಶಿಯೆಲ್ಲ ನೆನೆದು ಬೂಷ್ಟು ಹಿಡಿದಿತ್ತು. ರಾಚಯ್ಯನವರು ಮನೆಗೆ ಬಂದು, ಚಹಾ ಕುಡಿದು, ಅರ್ಧ ನಷ್ಟ ತಮ್ಮದೆಂದು ಹೇಳಿ ಎದ್ದು ಹೋಗಿದ್ದರು. ಅವರು ಹೋದ ಮೇಲೆ ದಸ್ತಗೀರಸಾಬರು ಮಗಳಿಗೆ ಹೇಳಿದ ಮಾತು ಈಗ ನೆನಪಾಯಿತು: "ನಷ್ಟದಾಗ ಪಾಲಿಲ್ಲದಾವ ಪಾಲುದಾರ ಅಲ್ಲವ್ವಾ, ಸಾಲ ಕೊಟ್ಟಾವ." ಸಾಲ ಕೊಟ್ಟು ತಿಂಗಳು ತಿಂಗಳು ಗೊತ್ತಾದಷ್ಟು ತೆಗೆದುಕೊಂಡರೆ ಅದು ಬಡ್ಡಿಯಲ್ಲದೆ ಇನ್ನೇನು? ಹೆಸರು ಬೇರೆ ಇಟ್ಟ ಮಾತ್ರಕ್ಕೆ?

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಕಾಲಮಝೂ ಊರು ದಾಟಿತು. ಆಮೇಲೆ ಶೌಕತನೇ ಮಾತು ಶುರು ಮಾಡಿದ.

"ಏನು ಯೋಚನೆ?"

"ನನ್ನ ಮನಸ್ಸು ಒಪ್ಪವಲ್ದು ನೋಡ್ರಿ."

"ಮುಯೀನ್ ಮೋಸಗಾರ ಅಂತೀಯಾ?"

"ಛೇ, ಛೇ. ಬಂಗಾರದಂಥ ಮನಷ್ಯಾ. ಅವಂದಲ್ಲ, ನನ್ನ ಮಾತು ಹೇಳಾಕತ್ತೀನಿ. ಲಾಭ ಅಷ್ಟ ತಗೊಂಡು ನಷ್ಟ ಅವನ ತಲಿಗೆ ಕಟ್ಟೂದು ಅಂದ್ರ ಹೆಂಗ?"

ಶೌಕತನಿಗೆ ಸಿಟ್ಟು ಬಂತು. ಊರೆಲ್ಲ ಶೇರು, ಇಂಟರ್ನೆಟ್ಟು ಅಂತ ಎರಡೂ ಕೈಯಲ್ಲಿ ಬಾಚುತ್ತಿದೆ. ತಾವು ಮಾತ್ರ ನೆರಳಿಗೂ ಹೆದರುತ್ತ ಕೂತಿದ್ದೇವೆ ಎಂದ. ಕೊನೆಗೆ ಜಗಳ ಬಗೆಹರಿದದ್ದು ಹೀಗೆ: ಅವನ ಹತ್ತು ಸಾವಿರ ಮುಯೀನನಿಗೆ ಹೋಯಿತು, ಅವಳದು ಇದ್ದಲ್ಲೇ ಉಳಿಯಿತು. ತಿಂಗಳಾಗುತ್ತಲೇ ನೂರು ಡಾಲರಿನ ಚೆಕ್ ಬಂತು. ಮರುತಿಂಗಳೂ ಬಂತು. ಫಹಮೀದಾಳಿಗೆ ತಾನೇ ಪುಕ್ಕಲಿಯೇನೋ, ಧರ್ಮದ ಹೆಸರು ಹೇಳಿ ಹೆದರಿಕೆಯನ್ನು ಮುಚ್ಚಿಕೊಳ್ಳುತ್ತಿದ್ದೇನೋ ಎನ್ನುವ ಅನುಮಾನ ಹತ್ತಿತು.

ಆ ಶರತ್ಕಾಲದಲ್ಲಿ ಕೌಸಲ್ಯಾ ಒಂದು ಗಂಟು ರವಿಕೆ ಬಟ್ಟೆ ತಂದಳು. ಕೌಸಲ್ಯಾ ಗದಗಿನವಳು, ಫಹಮೀದಾಳಿಗಿಂತ ಎಂಟು ವರ್ಷ ದೊಡ್ಡವಳು, ಪಕ್ಕದ ಊರು ಡೌನರ್ಸ್ ಗ್ರೋವ್‌ನಲ್ಲಿ ಮನೆ, ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ. ಸೀರೆಯ ರವಿಕೆ ಹೊಲಿಯಬಲ್ಲವರು ಆ ಸುತ್ತಿನಲ್ಲಿ ಫಹಮೀದಾ ಒಬ್ಬಳೇ ಆದ್ದರಿಂದ ಪರಿಚಯವಾಗಿ, ಆಮೇಲೆ ರೊಟ್ಟಿ, ಶೇಂಗಾ ಚಟ್ನಿ ಅತ್ತಿತ್ತ ಓಡಾಡಿ ಗೆಳೆತನವಾಗಿತ್ತು. ಅಳತೆ ಕೊಡುತ್ತ ಕೌಸಲ್ಯಾ ತನ್ನ ಆಫೀಸಿನಲ್ಲಿ ಪಗಾರದಿಂದಲೇ ಹಿಡಿದು ಶೇರಿನಲ್ಲಿ ಹಾಕುತ್ತಾರೆ ಎಂದಳು. ಫಹಮೀದಾ ಟೇಪು ಕೈಯಲ್ಲಿ ಹಿಡಿದೇ ನಿಂತಳು.

"ಕೌಸಲ್ಯಕ್ಕಾ, ಶೇರು ಅಂದ್ರ ಖರೇ ಏನು? ಜೂಜಾಟ ಅಂತಾರಲ್ಲ?"

"ದಿನಾ ತಗೊಂಡು ದಿನಾ ಮಾರಾವ್ರಿಗೆ ಜೂಜೇ ಬಿಡು. ನಾ ಏನ್ ಪಂಡಿತಿ ಅಲ್ಲ, ನನಗ ತಿಳಿದಷ್ಟು ಹೇಳ್ತೀನಿ. ಒಂದು ಕಂಪನಿ ಐತಿ ಅಂತ ತಿಳಕೊ. ಅದರಾಗ ನಿಂದೊಂದು ಸಣ್ಣ ಚೂರು. ಕಂಪನಿ ಗಳಿಸಿದ್ರ ನಿನ್ನ ಚೂರೂ ಬೆಳೀತೈತಿ. ಮ್ಯೂಚುವಲ್ ಫಂಡ್ ಅಂದ್ರ ಒಂದ ಕಂಪನಿ ಅಲ್ಲ, ಬಾಳ ಕಂಪನೀವು ಚೂರು ಕೂಡಿಸಿ ಕೊಡ್ತಾರ."

"ಅಂದ್ರ ಪಾಲು."

"ಹೂಂ, ಪಾಲೇ."

"ನಷ್ಟ ಆದ್ರ?"

ಕೌಸಲ್ಯಾ ಭುಜ ಕುಣಿಸಿದಳು. "ಆದ್ರ ಆಗ್ತೈತಿ. ನಿನ್ನ ರೊಕ್ಕಾನೂ ಕಡಿಮಿ ಆಗ್ತೈತಿ. ಯಾರೂ ತುಂಬಿಕೊಡೂದಿಲ್ಲ."

ಇನ್ನೊಬ್ಬರಾದರೆ ಆ ಮಾತು ಕೇಳಿ ಹಿಂದೆ ಸರಿಯುತ್ತಿದ್ದರು. ಫಹಮೀದಾಳಿಗೆ ಬಂದದ್ದು ಧೈರ್ಯ. ನಷ್ಟವೂ ಉಂಟು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವ ವ್ಯಾಪಾರ ಅವಳಿಗೆ ಗೊತ್ತಿದ್ದ ವ್ಯಾಪಾರ. ಮರುಶುಕ್ರವಾರ ಮಸೀದಿಯಲ್ಲಿ ಮೌಲಾನಾರ ಹೆಂಡತಿಯನ್ನು ಕೇಳಿದಳು. ಬ್ಯಾಂಕು, ಹೆಂಡ, ಜೂಜು ಇಂಥ ಕಂಪನಿಗಳನ್ನೆಲ್ಲ ಬಿಟ್ಟು ಉಳಿದವನ್ನು ಮಾತ್ರ ಕೊಳ್ಳುವ ಫಂಡುಗಳಿವೆ, ತಮ್ಮ ಅಳಿಯನೂ ಹಾಕಿದ್ದಾನೆ ಎಂದರು ಆಕೆ. ಕೌಸಲ್ಯಾ ತನ್ನ ಕಂಪ್ಯೂಟರಿನಲ್ಲಿ ಹುಡುಕಿ ಅಂಥದೊಂದರ ಅರ್ಜಿ ತರಿಸಿದಳು. ಇಬ್ಬರೂ ಕೌಸಲ್ಯಾಳ ಅಡಿಗೆಮನೆಯ ಮೇಜಿನ ಮೇಲೆ ಕೂತು ತುಂಬಿದರು.

ಉದ್ಯೋಗ ಎಂಬಲ್ಲಿ ಕೌಸಲ್ಯಾ ಏನೋ ದೊಡ್ಡ ಇಂಗ್ಲಿಷ್ ಮಾತು ಹಾಕಲು ಹೋದರೆ ಫಹಮೀದಾ ಕೈ ಹಿಡಿದಳು. "ಟೇಲರ್ ಅಂತ ಬರೀರಿ."

ಎಷ್ಟು ಹಾಕಬೇಕು ಎಂಬಲ್ಲಿ ಚರ್ಚೆ ನಡೆಯಿತು. ಕೂಡಿಟ್ಟಿದ್ದ ಒಂಬತ್ತು ಸಾವಿರ ಡಾಲರನ್ನೂ ಒಮ್ಮೆಲೇ ಹಾಕಿಬಿಡುವ ಹುರುಪು ಫಹಮೀದಾಳದು. ಕೌಸಲ್ಯಾ ಬಿಡಲಿಲ್ಲ. ಮೊದಲು ಆರು ತಿಂಗಳ ಮನೆಖರ್ಚಿಗೆ ಆಗುವಷ್ಟನ್ನು ಬ್ಯಾಂಕಿನಲ್ಲೇ ಬಿಡು, ಮತ್ತೆ ಯಾರಾದರೂ ಹಿಮದಲ್ಲಿ ಜಾರಿ ಬಿದ್ದರೆ ಬೇಕಲ್ಲ ಎಂದಳು. ಹಾಗೆ ಎರಡು ಸಾವಿರದಿಂದ ಶುರುವಾಗಿ, ಆಮೇಲೆ ತಿಂಗಳಿಗೆ ನೂರೈವತ್ತು ಡಾಲರ್ ಬ್ಯಾಂಕಿನಿಂದ ತಾನೇ ಹೋಗುವಂತೆ ಏರ್ಪಾಟಾಯಿತು. ಹುದಾ ಕಾಲೇಜಿಗೆ ಹೋಗಲು ಇನ್ನೂ ಏಳು ವರ್ಷವಿತ್ತು.

ಮೊದಲ ಕೆಲವು ತಿಂಗಳು ಹಬ್ಬ. ಮೊದಲು ಹಾಕಿದ ಎರಡು ಸಾವಿರವೇ ಎರಡೂವರೆ ಸಾವಿರವಾಯಿತು. ಫಹಮೀದಾ ಪ್ಯಾಂಟು ಮಡಿಸುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಆಮೇಲೆ 2000ದ ವಸಂತ ಬಂತು. ಶೇರುಪೇಟೆ ಮೇಲಿನಿಂದ ಜಾರಿದ್ದು ಜಾರುತ್ತಲೇ ಹೋಯಿತು. ಬ್ಯಾಂಕುಗಳನ್ನು ಬಿಟ್ಟ ಫಂಡಾದ್ದರಿಂದ ಅವಳದರಲ್ಲಿ ಕಂಪ್ಯೂಟರ್ ಕಂಪನಿಗಳೇ ಹೆಚ್ಚು; ಅವೇ ಎಲ್ಲಕ್ಕಿಂತ ಜೋರಾಗಿ ಬಿದ್ದವು. 2001ರಲ್ಲಿ ಇನ್ನೂ ಬಿತ್ತು. ತಿಂಗಳು ತಿಂಗಳು ಹಾಕಿದ್ದು ಬಾವಿಗೆ ಹಾಕಿದ ಕಲ್ಲಾಯಿತು. ಆಫೀಸುಗಳು ಜನರನ್ನು ತೆಗೆದವು, ಸೂಟು ತೊಡುವವರು ಕಡಿಮೆಯಾದರು, ಅಂಗಡಿಯ ಕೊಕ್ಕೆಗಳು ಅರ್ಧ ಖಾಲಿ ತೂಗಿದವು. ಹೊಸ ಬಟ್ಟೆ ಕೊಳ್ಳಲಾರದವರು ಹಳೆಯದನ್ನೇ ತಿದ್ದಿಸಿಕೊಳ್ಳಲು ಬಂದದ್ದರಿಂದ ಫಹಮೀದಾಳ ಯಂತ್ರ ಮಾತ್ರ ನಿಲ್ಲಲಿಲ್ಲ.

ಇತ್ತ ಮುಯೀನನ ಚೆಕ್ ತಿಂಗಳು ತಪ್ಪದೆ ಬರುತ್ತಿತ್ತು. ಶೌಕತ್ ಹಂಗಿಸುವವನಲ್ಲ. ಒಮ್ಮೊಮ್ಮೆ ಊಟದ ಹೊತ್ತಿನಲ್ಲಿ ಮಾತ್ರ, "ನಿನ್ನ ಕಂಪನಿಗಳು ಹೇಗಿವೆ?" ಎಂದು ಮೆಲ್ಲಗೆ ಕೇಳುತ್ತಿದ್ದ. ಹಂಗಿಸಿದ್ದರೇ ವಾಸಿಯಿತ್ತು. "ಅದಾವ" ಎಂದು ಅವಳು ತಟ್ಟೆಗೆ ಮುಖ ತಗ್ಗಿಸುತ್ತಿದ್ದಳು. ಕಂಪನಿಯಿಂದ ಬರುವ ಲೆಕ್ಕದ ಕಾಗದ ಒಡೆಯುವುದನ್ನೇ ನಿಲ್ಲಿಸಿದಳು.

ಒಂದು ದಿನ ತಡೆಯಲಾರದೆ ಕೌಸಲ್ಯಾಳಿಗೆ ಫೋನು ಮಾಡಿ ಎಲ್ಲ ಮಾರಿಬಿಡುತ್ತೇನೆ ಎಂದಳು.

"ನಂದೂ ಅರ್ಧಕ್ಕ ಇಳದೈತಿ" ಎಂದಳು ಕೌಸಲ್ಯಾ. "ಮಾರಿದ್ರ ನಷ್ಟ ಗಟ್ಟಿ ಆತು. ಇಟ್ಕೊಂಡ್ರ ಏನರ ಆದೀತು. ಈಗ ನಿನ್ನ ನೂರೈವತ್ತಕ್ಕ ಮೊದಲಿನಕಿಂತ ಹೆಚ್ಚಿನ ಚೂರು ಬರ್ತಾವ. ಮೆಣಸಿನಕಾಯಿ ಅಗ್ಗ ಆದಾಗ ನಿಮ್ಮಪ್ಪ ಪೇಟಿ ಬಿಟ್ಟು ಓಡಿಹೋಗ್ತಿದ್ನೇನು?"

"ಇಲ್ಲ. ಆದ್ರ ರಾತ್ರಿ ನಿದ್ದಿನೂ ಮಾಡ್ತಿದ್ದಿಲ್ಲ."

ಫಹಮೀದಾ ಧೈರ್ಯದಿಂದ ಮುಂದುವರಿಸಿದಳು ಎಂದರೆ ಸುಳ್ಳಾದೀತು. ತಿಂಗಳ ಕಂತು ನಿಲ್ಲಿಸಲು ಅವಳು ಎರಡು ಸಲ ಫಂಡಿನ ಕಚೇರಿಗೆ ಫೋನು ಮಾಡಿದ್ದಳು. ಎರಡು ಸಲವೂ ಸಂಗೀತ ಕೇಳಿಸಿ ಕಾಯಿಸಿದರು, ಕಾಯುತ್ತಿರುವಾಗ ಗಿರಾಕಿ ಬಂದ, ಫೋನು ಇಟ್ಟಳು. ಆಮೇಲೆ ನೋಡೋಣ ಎಂದು ಬಿಟ್ಟದ್ದು ಹಾಗೇ ಉಳಿಯಿತು.

2002ರ ಮೇ ತಿಂಗಳಲ್ಲಿ ಮುಯೀನನ ಚೆಕ್ ಬರಲಿಲ್ಲ. ಜೂನಿನಲ್ಲೂ ಇಲ್ಲ. ಶೌಕತ್ ಫೋನು ಮಾಡಿದರೆ ಎತ್ತುವವರಿಲ್ಲ. ಅವನು ಒಳಗೊಳಗೇ ಕುಗ್ಗಿದ. ಗಂಡನಿಗಿಂತ ಹೆಚ್ಚಾಗಿ ಫಹಮೀದಾಳೇ ಹೆದರಿದಳು. ಈಗ ಎರಡೂ ಕಡೆಯ ದುಡ್ಡು ಮುಳುಗಿತಲ್ಲ ಎಂದು. ಹುದಾ ಆಗ ಹೈಸ್ಕೂಲಿನ ಮೊದಲ ವರ್ಷ ಮುಗಿಸಿದ್ದಳು. ಒಂದು ಸಂಜೆ ಗಂಡ ಹೆಂಡತಿ ಅಡಿಗೆಮನೆಯಲ್ಲಿ ಎಂದಿನಂತೆ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದರೆ, ಮೆಟ್ಟಿಲ ಮೇಲಿನಿಂದ ಅವಳ ದನಿ ಬಂತು: "ಸೋ ಈಸ್ ಮುಯೀನ್ ಅಂಕಲ್ ಪೇಯಿಂಗ್ ಅಸ್ ಆರ್ ನಾಟ್?"

ಇಬ್ಬರೂ ಬೆಪ್ಪಾದರು. ಎಷ್ಟು ವರ್ಷದಿಂದ ಅವಳಿಗೆ ಕನ್ನಡ ತಿಳಿಯುತ್ತಿತ್ತೋ! ಆ ಗಾಬರಿಯಲ್ಲೂ ಶೌಕತನಿಗೆ ನಗು ತಡೆಯಲಾಗಲಿಲ್ಲ. ಎರಡು ತಿಂಗಳ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಜುಲೈಯ ಒಂದು ಭಾನುವಾರ ಮಧ್ಯಾಹ್ನ ಮುಯೀನ್ ತಾನೇ ಬಂದ. ಹೇಳದೆ ಕೇಳದೆ, ಪ್ಲಿಮತ್‌ನಿಂದ ಒಬ್ಬನೇ ಡ್ರೈವ್ ಮಾಡಿಕೊಂಡು. ದೊಡ್ಡ ಮನುಷ್ಯ ಸೋಫಾದ ತುದಿಯಲ್ಲಿ ಕೂತ. ಹೊಸ ಬಂಕಿನ ನೆಲದಡಿಯ ಟ್ಯಾಂಕು ಸೋರಿ ಪೆಟ್ರೋಲ್ ಮಣ್ಣಿಗೆ ಇಳಿದಿತ್ತು. ಸರ್ಕಾರದವರು ಬಂಕ್ ಮುಚ್ಚಿಸಿ ಅಡಿಗಟ್ಟಲೆ ಆಳ ಅಗೆಸಿ ಶುದ್ಧ ಮಾಡಿಸಿದ್ದರು. ಮಾರಿದ ಹಳೆಯ ಮಾಲೀಕ ಕೈತೊಳೆದುಕೊಂಡಿದ್ದ. ಇದ್ದದ್ದೆಲ್ಲ ಅದಕ್ಕೇ ಸುರಿದಾಗಿತ್ತು. ಮೊದಲ ಬಂಕ್ ಒಂದು ಉಳಿದಿದೆ.

"ನಷ್ಟದ ಮಾತೇ ಇಲ್ಲ ಅಂದಿದ್ದೆ ಭಾಭಿ" ಎಂದ. "ಅದು ನಾನು ಆಡಬಾರದಿದ್ದ ಮಾತು. ಶೌಕತ್ ಭಾಯ್, ನಿಮ್ಮ ಹತ್ತು ಸಾವಿರ ಕೊಟ್ಟೇ ಕೊಡ್ತೀನಿ. ಬಾಕಿ ನಿಂತಿರೋ ಲಾಭಾನೂ ಸೇರಿಸಿ. ಸ್ವಲ್ಪ ಟೈಮ್ ಕೊಡಿ, ಅಷ್ಟೆ."

ಶೌಕತ್ ಹೆಂಡತಿಯತ್ತ ನೋಡಿದ. ಫಹಮೀದಾ ಚಹಾದ ಟ್ರೇ ಕೆಳಗಿಟ್ಟಳು. ಅವಳ ಎದೆಯಲ್ಲಿ ಮೂರು ವರ್ಷದಿಂದ ಮುಳ್ಳಿನಂತೆ ಇದ್ದದ್ದು ಆ ತಿಂಗಳ ನೂರು ಡಾಲರು. ಅದು ಲಾಭವೋ ಬಡ್ಡಿಯೋ ಎಂಬುದು ಅವಳಿಗೆ ಬಗೆಹರಿದಿರಲೇ ಇಲ್ಲ. ಈಗ ಒಮ್ಮೆಲೇ ದಾರಿ ಕಂಡಿತು.

"ಮುಯೀನ್ ಭಾಯ್, ಇಲ್ಲಿಮಟ ನೀವು ಮೂರು ಸಾವಿರದ ಆರನೂರು ಕೊಟ್ಟೀರಿ. ಅದು ಲಾಭ ಅಲ್ಲ ಅಂತ ತಿಳಕೊಳ್ಳೂಣು. ನಮ್ಮ ಗಂಟಿಂದ ತಿರುಗಿ ಬಂದದ್ದು ಅಂತ ಹಿಡಿಯೂಣು. ಉಳದದ್ದು ಆರು ಸಾವಿರದ ನಾಲ್ಕನೂರು. ಅದನ್ನ ನಿಮ್ಮ ಕೈಲಾದಾಗ ಕೊಡ್ರಿ. ಲಾಭ ಬ್ಯಾಡ."

ನಂತರ ಗಂಡನ ಕಡೆ ತಿರುಗಿದಳು. "ಏನಂತೀರಿ? ರೊಕ್ಕ ನಿಮ್ದು."

ಶೌಕತ್ ಈ ಮೂರು ವರ್ಷದ ಚೆಕ್ಕುಗಳಿಂದ ಏನೇನೋ ಲೆಕ್ಕ ಹಾಕಿಕೊಂಡಿದ್ದ. ಅದೆಲ್ಲ ಕೈಬಿಡುವುದು ಸುಲಭವಿರಲಿಲ್ಲ. ಕಡೆಗೆ ನಿಟ್ಟುಸಿರು ಬಿಟ್ಟು, "ಅದೇ ಸರಿ ಕಣಯ್ಯ ಮುಯೀನ್. ಹಾಗೇ ಆಗ್ಲಿ. ಮೊದ್ಲು ಚಹಾ ಕುಡಿ, ಆರುತ್ತೆ" ಎಂದ.

ಮುಯೀನ್ ಕಪ್ಪು ಎತ್ತಿಕೊಂಡವನು ಕುಡಿಯದೆ ಹಾಗೇ ಹಿಡಿದುಕೊಂಡಿದ್ದ. ಬೇರೆ ಯಾರ ಮನೆಗೂ ಹೋಗುವ ಧೈರ್ಯ ಬರದೆ ಮೊದಲು ಇಲ್ಲಿಗೇ ಬಂದೆ ಎಂದ. ಆಮೇಲೆ ಊಟಕ್ಕೆ ಕೂತಾಗ ಎರಡು ಸಲ ಬಿರಿಯಾನಿ ಹಾಕಿಸಿಕೊಂಡ. ಹೊರಟಾಗ ಕಾರಿನ ತನಕ ಹೋಗಿ ಬಂದ ಶೌಕತ್ ಒಳಗೆ ಬಂದು ಸೋಫಾದ ಮೇಲೆ ಕಾಲು ಚಾಚಿ ಉದ್ದಕ್ಕೆ ಮಲಗಿ, ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ.

ಮುಯೀನ್ ಮಾತಿಗೆ ತಪ್ಪಲಿಲ್ಲ. ಒಮ್ಮೆ ಇನ್ನೂರು, ಒಮ್ಮೆ ಐದುನೂರು, ಕೆಲವು ತಿಂಗಳು ಏನೂ ಇಲ್ಲ. 2005ರ ರಮಝಾನಿಗೆ ಮುಂಚೆ ಕೊನೆಯ ಚೆಕ್ ಬಂದಾಗ ಶೌಕತ್ ಅವನಿಗೆ ಫೋನು ಮಾಡಿ ಇಬ್ಬರೂ ಬಹಳ ಹೊತ್ತು ಏನೇನೋ ಹರಟಿದರು. ದುಡ್ಡಿನ ಹೆಸರೆತ್ತಲಿಲ್ಲ.

ಹುದಾಳಿಗೆ ಶಿಕಾಗೋ ನಗರದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದ್ದು ಮರುವರ್ಷ, 2006ರಲ್ಲಿ. ಮನೆಯಿಂದಲೇ ರೈಲಿನಲ್ಲಿ ಓಡಾಡಬಹುದು, ಹಾಸ್ಟೆಲ್ ಖರ್ಚಿಲ್ಲ. ಸ್ಕಾಲರ್‌ಶಿಪ್ಪು ಕಳೆದರೂ ವರ್ಷಕ್ಕೆ ಹೆಚ್ಚು ಕಡಿಮೆ ಏಳು ಸಾವಿರ ಬೇಕು. ಮುಯೀನ್ ಕೊಟ್ಟದ್ದು ಅಂಗಡಿಯ ಹೊಸ ಪ್ರೆಸ್ಸಿಗೆ ಹೋಗಿತ್ತು. ಜೂನಿನ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಫಹಮೀದಾ ಫಂಡಿನ ಕಚೇರಿಗೆ ಫೋನು ಹಚ್ಚಿದಳು. ನಾಲ್ಕು ವರ್ಷದಿಂದ ಅವಳು ಅದರ ಸುದ್ದಿಗೇ ಹೋಗಿರಲಿಲ್ಲ. ಬಿದ್ದದ್ದರಲ್ಲಿ ಎಷ್ಟು ಉಳಿದಿದೆಯೋ ನೋಡಿ, ಕಡಿಮೆ ಬಿದ್ದರೆ ಬಳೆ ಮಾರುವುದೆಂದು ನಿಶ್ಚಯಿಸಿಕೊಂಡಿದ್ದಳು. ಫೋನಿನಲ್ಲಿ ಮಾತಾಡಿದ್ದು ಮನುಷ್ಯರಲ್ಲ, ಯಂತ್ರ. ಹೆಂಗಸಿನ ದನಿಯಲ್ಲಿ ಒಂದೊಂದೇ ನಂಬರು ಒತ್ತಿಸಿಕೊಂಡು ಕಡೆಗೆ ಮೊತ್ತ ಹೇಳಿತು.

ಫಹಮೀದಾ ಫೋನು ಕಿವಿಯಿಂದ ತೆಗೆದು ನೋಡಿದಳು. ಮತ್ತೆ ಕೇಳಲು ಇಂಥ ನಂಬರು ಒತ್ತಿ ಎಂದಿತು ಯಂತ್ರ. ಒತ್ತಿದಳು. ಅದೇ ಮಾತು.

"ಏನ್ರೀ, ಇಲ್ಲಿ ಬರ್ರಿ ಸ್ವಲ್ಪ."

ಶೌಕತ್ ಪ್ರೆಸ್ಸು ಬಿಟ್ಟು ಓಡಿಬಂದ. ಊರಿನಿಂದ ಏನೋ ಕೆಟ್ಟ ಸುದ್ದಿ ಎಂದುಕೊಂಡಿದ್ದ. ಅವಳು ಫೋನನ್ನು ಅವನ ಕಿವಿಗೆ ಹಿಡಿದು ಮತ್ತೆ ಒತ್ತಿದಳು.

"ಎಯ್ಟೀನ್ ಥೌಸಂಡ್" ಎಂದ ಶೌಕತ್. "ಹದಿನೆಂಟು ಸಾವಿರದ ಮೇಲೆ ಇನ್ನೂ ಏನೋ. ಯಾರದಿದು?"

"ನಂದ" ಎಂದಳು ಫಹಮೀದಾ, ಮತ್ತು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಹಾಕಿದ್ದು ಹದಿನಾಲ್ಕರ ಸುಮಾರು. ಅಗ್ಗದ ದಿನಗಳಲ್ಲಿ, ಅವಳು ಮುಖ ತಿರುಗಿಸಿಕೊಂಡು ಕೂತಿದ್ದ ತಿಂಗಳುಗಳಲ್ಲಿ ಕೊಂಡ ಚೂರುಗಳೇ ಹೆಚ್ಚು ಬೆಳೆದಿದ್ದವು. ಸಂಜೆ ಕೌಸಲ್ಯಾಳಿಗೆ ಹೇಳಿದರೆ ಅವಳು ಫೋನಿನಲ್ಲೇ ಚಪ್ಪಾಳೆ ತಟ್ಟಿದಳು. ಒಡನೆಯೇ ಬುದ್ಧಿಯನ್ನೂ ಹೇಳಿದಳು: "ಕೇಳಿಲ್ಲೆ. ಎರಡು ವರ್ಷದಾಗ ಬೇಕಾಗೂ ಫೀಸು ಈಗ ತಗದು ಬ್ಯಾಂಕಿನಾಗ ಇಡು. ಮತ್ತ ಬೀಳೂದಿಲ್ಲ ಅಂತ ಏನೂ ಇಲ್ಲ." ಫಹಮೀದಾಳಿಗೆ ಅದನ್ನು ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಎರಡು ವರ್ಷದ ಫೀಸು ತೆಗೆದಳು. ಉಳಿದದ್ದನ್ನು, ತಿಂಗಳ ಕಂತನ್ನೂ ಹಾಗೇ ಬಿಟ್ಟಳು.

ಆಗಸ್ಟಿನಲ್ಲಿ ಮೊದಲ ಫೀಸು ಕಟ್ಟಲು ತಾಯಿ ಮಗಳು ರೈಲಿನಲ್ಲಿ ಹೋದರು. ಕಂಪ್ಯೂಟರಿನಲ್ಲೇ ಕಟ್ಟಬಹುದು ಎಂದು ಹುದಾ ಎಷ್ಟು ಹೇಳಿದರೂ ಫಹಮೀದಾ ಕೇಳಲಿಲ್ಲ. ತನ್ನ ಕೈಯಿಂದ ಕೊಡಬೇಕೆಂದಳು. ಕಿಟಕಿಯ ಆಚೆ ಕೂತಿದ್ದ ಹೆಂಗಸು ಚೆಕ್ ತೆಗೆದುಕೊಂಡು, ಸಾಲದ ಅರ್ಜಿ ಏನಾದರೂ ಬೇಕೇ ಎಂದು ವಾಡಿಕೆಯಂತೆ ಕೇಳಿದಳು.

"ನೋ, ಥ್ಯಾಂಕ್ಯೂ" ಎಂದಳು ಫಹಮೀದಾ. "ನೋ ಲೋನ್."

ಹೊರಗೆ ಬಂದು ಇಬ್ಬರೂ ಮರದ ಕೆಳಗಿನ ಬೆಂಚಿನ ಮೇಲೆ ಕೂತು ಡಬ್ಬಿಯ ಪರೋಟ ತಿಂದರು. ಹುದಾ ತನ್ನ ತರಗತಿಗಳು ಎಲ್ಲೆಲ್ಲಿ ನಡೆಯುತ್ತವೆಂದು ಕೈಮಾಡಿ ತೋರಿಸಿದಳು. ಫಹಮೀದಾ ಕೆಲವನ್ನು ಕೇಳಿಸಿಕೊಂಡಳು, ಕೆಲವನ್ನು ಬಿಟ್ಟಳು. ಬಿಸಿಲು ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ದಾಟಿತ್ತು, ಆದರೂ ಹಿತವಾಗಿತ್ತು.

ಸಂಜೆಯ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಸಿಸೆರೋ ದಾಟುವಷ್ಟರಲ್ಲಿ ಅವಳ ತಲೆ ಗಾಜಿಗೆ ಒರಗಿತು. ಲಗ್ರೇಂಜ್ ಬಂತು, ಹಿನ್ಸ್‌ಡೇಲ್ ಬಂತು. ಜನ ಇಳಿದರು, ಹತ್ತಿದರು. ಟಿಕೆಟ್ ಕೇಳಲು ಬಂದವನಿಗೆ ಹುದಾ ತುಟಿಯ ಮೇಲೆ ಬೆರಳಿಟ್ಟು ತಾನೇ ತೋರಿಸಿ ಕಳಿಸಿದಳು. ಕ್ಲ್ಯಾರೆಂಡನ್ ಹಿಲ್ಸ್ ಬಿಟ್ಟ ಮೇಲೆ ಮೆಲ್ಲಗೆ ಭುಜ ಅಲುಗಿಸಿದಳು.

"ಅಮ್ಮೀ, ವೇಕ್ ಅಪ್. ನೆಕ್ಸ್ಟ್ ಈಸ್ ಅವರ್ಸ್."

ಫಹಮೀದಾ ಕಣ್ಣುಜ್ಜಿಕೊಂಡು, ತಲೆಯ ಓಡ್ನಿ ಸರಿಮಾಡಿಕೊಂಡು, ಖಾಲಿ ಡಬ್ಬಿಯ ಚೀಲ ಎತ್ತಿಕೊಂಡು ಎದ್ದಳು. ಪ್ಲಾಟ್‌ಫಾರಂ ಮೇಲೆ ಶೌಕತ್, ಸುಫಿಯಾನ್ ಇಬ್ಬರೂ ಅಂಗಡಿ ಬೇಗ ಮುಚ್ಚಿ ಕರೆದೊಯ್ಯಲು ಬಂದು ನಿಂತಿದ್ದರು.